ಶಬನಮ್‌ಗೆ ಬಾಣಂತನ

ಮಸಗುಪ್ಪಿಯ ಹಿಟ್ಟಿನ ಗಿರಣಿಯ ರಾಜಪ್ಪನಿಗೆ ಕುದುರೆಯ ವಿಷಯದಲ್ಲಿ ಗೊತ್ತಿದ್ದದ್ದು ಎರಡೇ ಎರಡು. ಒಂದು, ಅದಕ್ಕೆ ನಾಲ್ಕು ಕಾಲು. ಎರಡು, ಹಿಂದಿನ ಕಾಲುಗಳ ಹತ್ತಿರ ಹೋಗಬಾರದು. ಇಷ್ಟೇ ತಿಳಿದವರು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ, ಅವರಿಂದ ಯಾವ ಕುದುರೆಗೂ ತೊಂದರೆಯಾಗಿಲ್ಲ. ರಾಜಪ್ಪನಿಂದ ಆದದ್ದು ಗಿರಣಿಯ ಗೋಡೆಯ ಮೇಲಿದ್ದ ಒಂದು ಫೋಟೋದ ದೆಸೆಯಿಂದ.

ಫೋಟೋದಲ್ಲಿ ಅವನ ಅಜ್ಜ ರುಮಾಲು ಸುತ್ತಿ, ಮೀಸೆ ತಿರುವಿ, ಒಂದು ಬಿಳಿ ಕುದುರೆಯ ಪಕ್ಕ ನಿಂತಿದ್ದ. ಕುದುರೆ ಗೋಕಾಕದ ಸ್ಟುಡಿಯೋದವನು ಪರದೆಯ ಮೇಲೆ ಬರೆಸಿದ್ದು. ಅಜ್ಜನ ಕೈಯಲ್ಲಿದ್ದ ಲಗಾಮು ಸ್ಟುಡಿಯೋದವನು ಅರಿವೆ ಒಣಹಾಕುತ್ತಿದ್ದ ಹಗ್ಗ. ಆದರೆ ನಲವತ್ತು ವರ್ಷ ಗಿರಣಿಯ ಹಿಟ್ಟು ಕೂತು ಕೂತು ಪರದೆಯ ಮಡಿಕೆಗಳೆಲ್ಲ ಮುಚ್ಚಿಹೋಗಿ, ಕುದುರೆಗೆ ಜೀವ ಬಂದಂತಾಗಿತ್ತು. ಯಾರೋ ಗಿರಾಕಿ "ಈ ಕುದುರಿ ಯಾರದ್ರಿ?" ಎಂದು ಕೇಳಿದ. "ಸಂಸ್ಥಾನದ್ದು," ಎಂದ ರಾಜಪ್ಪ. ಬಾಯಿಗೆ ಬಂದದ್ದು ಅಂದುಬಿಟ್ಟ, ಅಷ್ಟೆ. ಅವತ್ತು ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಂದು ಚೀಲ ಜೋಳ ಬೀಸಲು ಅರ್ಧ ತಾಸು ಬೇಕು, ಅರ್ಧ ತಾಸು ಗಿರಾಕಿಯನ್ನು ಸುಮ್ಮನೆ ಕೂರಿಸಲು ಬರುವುದಿಲ್ಲ. ಹೀಗಾಗಿ ವರ್ಷದಿಂದ ವರ್ಷಕ್ಕೆ ಅಜ್ಜನ ಕೈಕೆಳಗೆ ನಾಲ್ಕು, ಹದಿನಾರು, ಕೊನೆಗೆ ನಲವತ್ತು ಕುದುರೆಗಳಾದವು. ಅವುಗಳಲ್ಲಿ ಒಂದೂ ಯಾವ ಮಳೆಗಾಲದಲ್ಲೂ ಸೀನಲಿಲ್ಲ.

"ನಿಮ್ಮಜ್ಜ ಎತ್ತಿನ ಗಾಡ್ಯಾಗಿಂದನ ಎರಡ ಸಲ ಬಿದ್ದಾವ್ರು ಅಂತ ನಮ್ಮತ್ತಿ ಹೇಳತಿದ್ರು," ಎಂದು ಹೆಂಡತಿ ದಾಕ್ಷಾಯಿಣಿ ಒಳಗಿನಿಂದ ಕೂಗಿ ಹೇಳುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ಮಸಗುಪ್ಪಿಯವರು ಶ್ರಾವಣದಲ್ಲಿ ಗೋಕಾಕ, ಹುಕ್ಕೇರಿ ದಾಟಿ ದಡ್ಡಿಯ ಆಚೆಯ ಒಂದು ಮಠಕ್ಕೆ ಪಾದಯಾತ್ರೆ ಹೋಗುತ್ತಾರೆ. ವಚನದ ಪುಸ್ತಕಗಳನ್ನು ರೇಷ್ಮೆಯಲ್ಲಿ ಕಟ್ಟಿ ಬಿಳಿ ಕುದುರೆಯ ಮೇಲೆ ಇಟ್ಟು ಮುಂದೆ ನಡೆಸುವುದು ಪದ್ಧತಿ. ಕುದುರೆ ಗೋಕಾಕದ ತಾಜುದ್ದೀನನದು, ಹಿಡಿದು ನಡೆಯುವವನೂ ತಾಜುದ್ದೀನನೇ. ಈ ವರ್ಷ ಅವನು ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಕುದುರೆ ಕೊಡುತ್ತೇನೆ, ಹಿಡಿಯುವವನನ್ನು ನೀವೇ ತನ್ನಿ ಎಂದು ಹೇಳಿ ಕಳಿಸಿದ. ಯಾತ್ರಾ ಕಮಿಟಿಯ ಅಧ್ಯಕ್ಷ ಈಶ್ವರ ಸಾವಕಾರ ಹೆಚ್ಚು ಹೊತ್ತು ಯೋಚಿಸಲಿಲ್ಲ. ಅವನ ಮನೆಯ ಗೋಧಿ ಹದಿನೈದು ವರ್ಷದಿಂದ ರಾಜಪ್ಪನ ಗಿರಣಿಯಲ್ಲೇ ಹಿಟ್ಟಾಗುತ್ತಿತ್ತು.

"ರಾಜಪ್ಪಣ್ಣಾ, ನಿನ್ನ ಬಿಟ್ರ ಯಾರದಾರಪಾ? ಸಂಸ್ಥಾನದ ರಕ್ತ!"

ರಾಜಪ್ಪ ಗಿರಣಿ ಬಿಟ್ಟು ಬರಲು ಆಗುವುದಿಲ್ಲವೆಂದ. ಬೆಲ್ಟು ಹರಿದಿದೆ ಎಂದ. ಸೊಂಟ ಹಿಡಿದಿದೆ ಎಂದ. ಕುದುರೆ ಗೊತ್ತಿಲ್ಲ ಎಂಬುದೊಂದನ್ನು ಬಿಟ್ಟು ಮತ್ತೆಲ್ಲವನ್ನೂ ಹೇಳಿದ.

ಗೋಕಾಕದಲ್ಲಿ ತಾಜುದ್ದೀನ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಶಬನಮ್ ಕಿಟಕಿಯಿಂದ ತಲೆ ಹಾಕಿ ಅವನ ಅಂಗಿಯ ಕಾಲರು ಜಗಿಯುತ್ತಿದ್ದಳು. ಒಂಬತ್ತು ವರ್ಷದಲ್ಲಿ ಗೋಕಾಕದ ಅರ್ಧ ಮದುಮಕ್ಕಳನ್ನು ಹೊತ್ತು ಬ್ಯಾಂಡಿನ ಮುಂದೆ ಕುಣಿದ ಕುದುರೆ ಅದು. ದೀಪಾವಳಿಯ ನಂತರದ ಲಗ್ನಗಳಿಗೆ ಆಗಲೇ ಮಾತಾಗಿತ್ತು.

"ನೋಡಪಾ ತಮ್ಮಾ," ಎಂದಳು ತಾಜುದ್ದೀನನ ಹೆಂಡತಿ ಮೈನಾಬಿ, "ಇವರ ಕಾಲ ಹಿಂಗಾಗೇತಿ. ಈಗ ಈ ಮನ್ಯಾಗ ದುಡಿಯಾಕಿ ಅಂದ್ರ ಅಕಿ ಒಬ್ಬಾಕಿನ."

"ಏ, ಅಂವಗ ಯಾಕ ಹೇಳತೀ?" ಎಂದು ತಾಜುದ್ದೀನ ಗದರಿಸಿದ. "ರಾಜಪ್ಪಾ, ನಿಮ್ಮದು ಸಂಸ್ಥಾನದ ಮನಿತನ ಅಂತ ಸಾವಕಾರ್ರು ಹೇಳಿದ್ರು. ಅಂಥಾವಗ ಟಾಂಗಾ ಹೊಡದಾಂವ ನಾ ಏನ ಹೇಳ್ಲಿ? ಮೀನಿನ ಮರಿಗೆ ಈಸ ಕಲಿಸಿದಂಗ ಆಕ್ಕೈತಿ."

ರಾಜಪ್ಪ ಮುಗುಳ್ನಕ್ಕ. ಆ ನಗೆಯಲ್ಲಿಯೇ ಕುದುರೆಯ ಅರ್ಧ ಆಯುಷ್ಯ ಹೋಯಿತು.

ಹುಕ್ಕೇರಿಯ ತನಕ ಸೋನೆ ಮಳೆ. ಹುಕ್ಕೇರಿ ದಾಟಿದ ಮೇಲೆ ಮಳೆ ನಾಚಿಕೆ ಬಿಟ್ಟಿತು. ದಡ್ಡಿಗೆ ಬರುವಷ್ಟರಲ್ಲಿ ಘಟಪ್ರಭೆ ಸೇತುವೆಯ ಮೇಲೆ ಹರಿಯುತ್ತಿತ್ತು. ಮುಂದೆ ಹೋಗುವಂತಿಲ್ಲ. ನಲವತ್ತು ಜನ ಊರ ಹೊರಗಿನ ಹೊಲದ ಬದುವಿನಲ್ಲಿ ತಾಡಪತ್ರಿ ಎಳೆದು ಬೀಡು ಬಿಟ್ಟರು. ಪಕ್ಕದಲ್ಲಿ ಒಂದು ಪಾಳು ಗೋದಾಮು ಇತ್ತು. ಶಬನಮ್‌ಳನ್ನು ರಾಜಪ್ಪ ಒಂದು ತಗ್ಗಿನ ಗಿಡಕ್ಕೆ ಕಟ್ಟಿದ, ಅದೇ ಹತ್ತಿರದ ಗಿಡ ಎಂಬ ಒಂದೇ ಕಾರಣಕ್ಕೆ. ಬೆಳಗಾಗುವಷ್ಟರಲ್ಲಿ ತಗ್ಗಿನಲ್ಲಿ ಮೊಣಕಾಲು ಮಟ ನೀರು ನಿಂತಿತ್ತು, ಅದರಲ್ಲಿ ಕುದುರೆ ನಿಂತು ಗಡಗಡ ನಡುಗುತ್ತಿತ್ತು.

ಕುದುರೆಯ ಸುತ್ತ ಕಮಿಟಿ ನೆರೆಯಿತು. ಎಲ್ಲರೂ ಮೊದಲು ಕುದುರೆಯನ್ನು, ಆಮೇಲೆ ರಾಜಪ್ಪನನ್ನು ನೋಡಿದರು.

"ಯಾಕ ನಡಗಾಕತ್ತೈತಿ?" ಎಂದು ಕೇಳಿದ ಈಶ್ವರ ಸಾವಕಾರ.

"ಥಂಡಿ," ಎಂದ ರಾಜಪ್ಪ. ಇದು ಖರೆಯಾದ್ದರಿಂದ ಅವನಿಗೆ ಸ್ವಲ್ಪ ಧೈರ್ಯ ಬಂತು.

"ಸಂಸ್ಥಾನದಾಗ ಹಿಂಗಾದ್ರ ಏನ ಮಾಡತಿದ್ರು?"

"ಬೆಚ್ಚಗ ಇಡತಿದ್ರು."

"ಹೆಂಗ?"

ರಾಜಪ್ಪ ಕಣ್ಣು ಮುಚ್ಚಿದ. ಅಜ್ಜನನ್ನು ನೆನೆಯುತ್ತಿದ್ದಾನೆಂದು ಜನ ಗಪ್ಪಾದರು. ಅಷ್ಟರಲ್ಲಿ ತಾಡಪತ್ರಿಯ ಕೆಳಗಿನಿಂದ ಕೆಂಚವ್ವ ಎದ್ದು ಬಂದಳು. ಕೆಂಚವ್ವನಿಗೆ ಎಪ್ಪತ್ತಾರು. ಸೂಲಗಿತ್ತಿ. ಮಸಗುಪ್ಪಿಯ ಅರ್ಧ ಊರು ಈ ಲೋಕದಲ್ಲಿ ಮೊದಲು ಕಂಡ ಮುಖ ಅವಳದು, ಆದ್ದರಿಂದ ಅವಳಿಗೆ ಎದುರಾಡುವವರು ಇರಲಿಲ್ಲ.

"ಹೆಂಗ ಅಂತ ಏನ ಕೇಳತೀಯೋ ಈಶ್ವರ್ಯಾ? ನಿಮ್ಮವ್ವ ನಿನ್ನ ಹಡದಾಗ ಅಕಿನ್ನ ಹೆಂಗ ಬೆಚ್ಚಗ ಇಟ್ಟಿದ್ನಿ, ಹಂಗ."

"ಆಯಿ, ಇದು ಕುದುರಿ."

"ಹೆಣ್ಣ ಹೌದಿಲ್ಲೋ?"

"ಹೌದು."

"ಮತ್ತ?"

ಈಶ್ವರ ಸಾವಕಾರ ರಾಜಪ್ಪನತ್ತ ತಿರುಗಿದ. "ಸಂಸ್ಥಾನದಾಗೂ ಹಿಂಗನ ಏನು?"

ನಲವತ್ತು ಜನ ನೋಡುತ್ತಿದ್ದರು. "ಹೆಚ್ಚು ಕಡಿಮಿ," ಎಂದ ರಾಜಪ್ಪ.

ಗೋದಾಮಿಗೆ ಕಿಟಕಿ ಇರಲಿಲ್ಲ, ಅದು ಕೆಂಚವ್ವನಿಗೆ ಬಹಳ ಹಿಡಿಸಿತು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿಸಿದಳು. ಬುಟ್ಟಿ ತುಂಬ ಕುಳ್ಳು ತರಿಸಿ ಕಬ್ಬಿಣದ ಬೋಗುಣಿಯಲ್ಲಿ ಕೆಂಡ ಮಾಡಿಸಿ, ಅದರ ಮೇಲೆ ಅಜವಾನ, ಬಳ್ಳೊಳ್ಳಿ ಸಿಪ್ಪೆ, ಲೋಬಾನ ಸುರಿದಳು. ಕುದುರೆಯ ಮೈಗೆ ಎಣ್ಣೆ ತಿಕ್ಕಿಸಿ ನಾಲ್ಕು ಹಂಡೆ ಕುದಿಯುವಂಥ ನೀರು ಹೊಯ್ಯಿಸಿದಳು. ಕಿವಿಗೆ ಅರಳೆ ಇಟ್ಟಳು. ಬಾಣಂತಿಯ ಕಿವಿಗೆ ಚಿಟಿಕೆ ಅರಳೆ ಸಾಕು, ಶಬನಮ್‌ಳ ಎರಡು ಕಿವಿಗೆ ಒಂದು ತಲೆದಿಂಬು ಖಾಲಿಯಾಯಿತು. ತಲೆಗೆ ಉಲನ್ ಶಾಲು ಸುತ್ತಿ ಗದ್ದದ ಕೆಳಗೆ ಗಂಟು ಹಾಕಿದಳು. ವಾಯು ಸೇರಬಾರದೆಂದು ಎರಡು ಇಳಕಲ್ ಸೀರೆ ಜೋಡಿಸಿ ಹೊಟ್ಟೆ ಬಿಗಿದಳು. ಸಂಜೆಯ ಹೊತ್ತಿಗೆ ಕುದುರೆ ಕುದುರೆಯ ಹಾಗೆ ಕಾಣುತ್ತಿರಲಿಲ್ಲ, ತವರಿಗೆ ಬಂದ ಯಾರದೋ ಹಿರಿಯ ಮಗಳ ಹಾಗೆ ಕಾಣುತ್ತಿತ್ತು.

"ಮೇವು ಹಾಕಲೇನ್ರಿ ಆಯಿ?" ಎಂದು ರಾಜಪ್ಪ ಒಂದು ಹೊರೆ ಒಣ ಕಣಿಕೆ ಹಿಡಿದು ಬಂದ.

"ಹುಲ್ಲು ಥಂಡಿ ಪದಾರ್ಥ. ಒಯ್ಯಿ."

"ನೀರು?"

"ಬಾಣಂತಿಗೆ ಯಾವ ಹುಚ್ಚ ನೀರ ಕುಡಿಸ್ಯಾನೋ? ಮೈ ಊದತೈತಿ. ಚಂಜಿಗೆ ಒಂದು ಚರಿಗಿ, ಅದೂ ಕಾಸಿದ್ದು."

ರಾಜಪ್ಪ ಕಣಿಕೆಯ ಹೊರೆಯನ್ನು ಹೊರಗೆ ಒಯ್ದ. ಒಳಗೆ ಕುದುರೆಗೆ ಆಳವಿ ಪಾಯಸ, ಬಾಣಂತಿ ಖಾರ, ತುಪ್ಪದಲ್ಲಿ ಕರಿದ ಅಂಟು, ಕೊಬ್ಬರಿ, ಬೆಲ್ಲ ಹಾಕಿ ಕಟ್ಟಿದ ಅಂಟಿನುಂಡಿ ಶುರುವಾದವು.

"ಏನ್ರೀ, ಕುದುರಿ ಕಣ್ಣಾಗ ನೀರ ಸುರಿಯಾಕತ್ತಾವು," ಎಂದು ಯಾತ್ರೆಗೆ ಜೊತೆಗೇ ಬಂದಿದ್ದ ದಾಕ್ಷಾಯಿಣಿ ಅವನ ಅಂಗಿ ಜಗ್ಗಿದಳು.

"ಹೊಗಿಗೆ."

"ನಿಮ್ಮ ಕಣ್ಣಾಗ?"

"ಅದೂ ಹೊಗಿಗೆ."

"ಗೊತ್ತಿಲ್ಲ ಅಂತ ಒಂದ ಮಾತ ಹೇಳ್ರಿ. ಗೊತ್ತಿಲ್ಲ ಅಂದ್ರ ಯಾರ ಮೂಗ ಕೊಯ್ತಾರ?"

ಅಷ್ಟರಲ್ಲಿ ಹೊರಗೆ ಈಶ್ವರ ಸಾವಕಾರನ ದನಿ ಮೈಕಿನಲ್ಲಿ ಕೇಳಿಸಿತು. "ಭಕ್ತಾದಿಗಳಲ್ಲಿ ವಿನಂತಿ. ಸಂಸ್ಥಾನದ ಪದ್ಧತಿ ಪ್ರಕಾರ ಕುದುರಿಗೆ ಉಪಚಾರ ನಡದೈತಿ. ಯಾರೂ ಬಾಗಿಲಾ ತಗೀಬಾರದು." ಮೈಕಿನಲ್ಲಿ ಬಂದ ಮಾತನ್ನು ಹಿಂತೆಗೆದುಕೊಳ್ಳುವ ಪದ್ಧತಿ ನಮ್ಮ ಕಡೆ ಇಲ್ಲ.

ಮೈಕಿನ ಸದ್ದು ದಡ್ಡಿಯ ತನಕ ಹೋಯಿತು. ಮರುದಿನ ಬೆಳಗ್ಗೆ ಊರಿನ ಹೆಂಗಸರು ಡಬ್ಬಿ ಹಿಡಿದು ಸಾಲಾಗಿ ಬಂದರು. ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಬರುವ ಜನ ಅಲ್ಲ ಅವರು. ಒಬ್ಬ ಮುದುಕಿ ಒಳಗೆಲ್ಲ ಕಣ್ಣಾಡಿಸಿ, "ಮರಿ ಎಲ್ಲೈತ್ರಿ?" ಎಂದಳು.

"ಮರಿ ಇಲ್ಲ," ಎಂದಳು ಕೆಂಚವ್ವ.

"ಅಯ್ಯ ಶಿವನ! ಹೋತೇನು?" ಎಂದು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆರಡು ಉಂಡಿ ಹೆಚ್ಚಿಗೆ ತಿನ್ನಿಸಿ ಹೋದಳು. ಹಿಂದಿದ್ದವರಿಗೂ ಸುದ್ದಿ ಹೋಯಿತು. ಎಲ್ಲರೂ ಎರಡೆರಡು ಹೆಚ್ಚಿಗೆ ತಿನ್ನಿಸಿದರು.

ತಾಜುದ್ದೀನ ಫೋನು ಮಾಡಿದ. "ಹೆಂಗ ಅದಾಳೋ ನನ್ನ ಮಗಳು?"

"ಬೆಚ್ಚಗ ಅದಾಳ್ರಿ ಕಾಕಾ."

"ಮೇವ ತಿಂತಾಳ?"

"ಊರಿಗಿ ಊರನ ತಿನಸಾಕತ್ತೈತ್ರಿ."

"ಅಲ್ಲಾನ ದಯಾ. ನಿನ್ನ ಕೈಯಾಗ ಅದಾಳಂದ್ರ ನನಗ ನಿದ್ದಿ ಬರತೈತಿ ನೋಡು."

ಮಧ್ಯಾಹ್ನ ಪಕ್ಕದ ಹೊಲದಿಂದ ಕುರಿಗಾರ ಬೀರಸಿದ್ದಪ್ಪ ಬೀಡಿಗೆ ಬೆಂಕಿ ಕೇಳಲು ಬಂದ. ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ತಿಂಗಳಾಗಿತ್ತು. ಅವನ ಸಂಸಾರ ಹೊರುವ ಮೂರು ತಟ್ಟು ಕುದುರೆಗಳು ಬಣವೆಯ ಮರೆಯಲ್ಲಿ, ದಿನ್ನೆಯ ಮೇಲೆ, ಗಾಳಿಗೆ ಬೆನ್ನು ಕೊಟ್ಟು ನಿಂತು, ಒಣ ಸೊಪ್ಪೆ ಜಗಿಯುತ್ತಿದ್ದವು. ಮಳೆ ಅವುಗಳ ಮೇಲೆ ಬೀಳುತ್ತಿತ್ತು, ಅವು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ.

ಬೀರಸಿದ್ದಪ್ಪ ಗೋದಾಮಿನ ಹೆಂಚಿನ ಸಂದಿಯಿಂದ ಏಳುತ್ತಿದ್ದ ಹೊಗೆ ನೋಡಿದ. "ಒಳಗ ಏನ ಸುಡಾಕತ್ತೀರಿ?"

"ಕುದುರಿ ಐತಿ," ಎಂದ ಈಶ್ವರ ಸಾವಕಾರ.

"ಕುದುರಿ ಸುಡಾಕತ್ತೀರಿ?"

ಬಾಗಿಲ ಗೋಣಿಚೀಲ ಸರಿಸಿ ಇಣುಕಿ ನೋಡಿದವನ ಬಾಯಿಂದ ಬೀಡಿ ಬಿತ್ತು. "ಏ ಮಾರಾಯ್ರಾ, ಹೊರಗ ಬಿಡ್ರಿ ಅದನ್ನ! ಕೆಮ್ಮೂದ ಕೇಳವಲ್ದೇನು? ಮಳಿಗೆ ಕುದುರಿ ಸಾಯಂಗಿಲ್ರಿ, ಇದಕ್ಕ ಸಾಯತೈತಿ. ಇವತ್ತ ಬಿಟ್ರ ಉಳಿತೈತಿ."

"ನೀ ಕುರಿ ಕಾಯಾಂವ," ಎಂದಳು ಕೆಂಚವ್ವ. "ಇಂವ ಸಂಸ್ಥಾನದಾಂವ. ಹೇಳೋ ರಾಜಪ್ಪಾ."

ರಾಜಪ್ಪ ಬಾಯಿ ತೆರೆದ. ಡಬ್ಬಿ ಹಿಡಿದ ಹೆಂಗಸರೆಲ್ಲ ತಿರುಗಿ ನೋಡಿದರು. ಸಾವಕಾರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಹಿಂದಿನಿಂದ ದಾಕ್ಷಾಯಿಣಿ ಮತ್ತೆ ಅವನ ಅಂಗಿ ಜಗ್ಗಿದಳು.

"ಹೇರು ಹೊರೂ ತಟ್ಟು ಬ್ಯಾರೆ," ಎಂದ ರಾಜಪ್ಪ, "ಮದಿವಿ ಕುದುರಿ ಬ್ಯಾರೆ."

ಜನ ಹೌದು ಹೌದು ಎಂದರು. ಬೀರಸಿದ್ದಪ್ಪ ಅವನನ್ನು ಒಂದು ಗಳಿಗೆ ನೋಡಿದ. "ಆತ್ರಿಪಾ. ದೊಡ್ಡವರು," ಎಂದು ಕಂಬಳಿ ಕೊಡವಿ ಹೋದ. ಬೆಂಕಿ ಕೇಳಿದ್ದು ಮರೆತೇಬಿಟ್ಟಿದ್ದ.

ಮೂರನೆಯ ದಿನ ಶಬನಮ್ ನೆಲಕ್ಕೆ ಬಿದ್ದು ಹೊರಳಾಡತೊಡಗಿದಳು. ಹೊಟ್ಟೆಯ ಸೀರೆ ತಾನಾಗಿಯೇ ಹರಿಯಿತು. ಬಾಣಂತಿ ಸನ್ನಿ ಎಂದಳು ಕೆಂಚವ್ವ. ದೃಷ್ಟಿ ಎಂದರು ದಡ್ಡಿಯವರು. ಯಾರನ್ನೂ ಕೇಳದೆ ಹುಕ್ಕೇರಿಗೆ ಫೋನು ಮಾಡಿದವಳು ದಾಕ್ಷಾಯಿಣಿ. ದನದ ಡಾಕ್ಟರ್ ಸುಮನ್ ಕೊಚ್ಚಿಹೋದ ರಸ್ತೆ ಬಳಸಿ ಬಂದು ಮುಟ್ಟುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಸಣ್ಣ ವಯಸ್ಸಿನ ಹೆಣ್ಣುಮಗಳು, ಮೊಣಕಾಲು ತನಕ ಕೆಸರು. ಕುದುರೆಯ ತಲೆಯ ಶಾಲು ನೋಡಿದಳು, ಕಿವಿಯ ಅರಳೆ ನೋಡಿದಳು, ಹೊಟ್ಟೆಗೆ ಕಿವಿ ಹಚ್ಚಿದಳು.

"ಕರಳಿನ ಸಪ್ಪಳನ ಇಲ್ಲ. ಲದ್ದಿ ಹಾಕಿ ಎಷ್ಟ ದಿನಾ ಆತು?"

ಯಾರೂ ಲೆಕ್ಕವಿಟ್ಟಿರಲಿಲ್ಲ.

"ಏನೇನ ತಿನಸೀರಿ?"

"ಸಂಸ್ಥಾನದ ಔಷಧ," ಎಂದ ಈಶ್ವರ ಸಾವಕಾರ ಅಭಿಮಾನದಿಂದ.

"ಯಾವ ಔಷಧ? ಅದು ಹೊಟ್ಯಾಗಿದ್ದು ನಾ ಇಂಜೆಕ್ಷನ್ ಕೊಟ್ರ ವಿಷಾ ಆದೀತು. ಯಾರ ಕೊಟ್ಟೀರಿ, ಏನ ಕೊಟ್ಟೀರಿ, ಖರೆ ಹೇಳ್ರಿ. ಲಗೂ."

ಎಲ್ಲರ ಕಣ್ಣೂ ರಾಜಪ್ಪನ ಮೇಲೆ ಬಿತ್ತು. ಕುದುರೆಯದೂ.

"ಔಷಧ ಇಲ್ರಿ ಮೇಡಮ್ಮರ," ಎಂದ ರಾಜಪ್ಪ. "ಸಂಸ್ಥಾನನೂ ಇಲ್ಲ. ನಮ್ಮಜ್ಜಗ ಕುದುರಿ ಗೊತ್ತಿದ್ದಿಲ್ಲ. ಫೋಟೋದಾಗಿಂದು ಪಡದಾದ ಮ್ಯಾಲ ಬರದದ್ದು. ನನಗೂ ಏನೂ ಗೊತ್ತಿಲ್ರಿ. ನಾ ಹಿಟ್ಟ ಬೀಸಾಂವ."

ಈಶ್ವರ ಸಾವಕಾರ ಮೆಲ್ಲಗೆ ತಲೆಯಾಡಿಸಿದ. "ನೋಡಿದ್ರೇನು? ಮನಿತನದ ಗುಟ್ಟು. ಪ್ರಾಣ ಹೋದ್ರೂ ಬಿಟ್ಟ ಕೊಡಂಗಿಲ್ಲ."

"ಅಲ್ರೀ ಸಾವಕಾರ್ರ, ಖರೇನ—"

"ತುಂಬಿದ ಕೊಡ ತುಳುಕೂದಿಲ್ಲ," ಎಂದು ದಡ್ಡಿಯ ಹಿರಿಯರೊಬ್ಬರು ಕೈ ಮುಗಿದರು.

"ನನಗ ಅಜ್ಜನೂ ಬ್ಯಾಡ, ಕೊಡಾನೂ ಬ್ಯಾಡ," ಎಂದಳು ಸುಮನ್. "ತಿನಸಿದ್ದ ಹೇಳ್ರಿ."

ರಾಜಪ್ಪ ಹೇಳಿದ. ಉಂಡಿ, ಪಾಯಸ, ಖಾರ. ಮೂರು ದಿನದಲ್ಲಿ ಎರಡು ಚರಿಗೆ ನೀರು. ಒಂದೆಳೆ ಮೇವಿಲ್ಲ. ಸುಮನ್ ಮೂಗಿನಿಂದ ನಳಿಕೆ ಇಳಿಸಿ ಎಣ್ಣೆ ಬಿಟ್ಟಳು, ಸೂಜಿ ಚುಚ್ಚಿದಳು, ಬಾಗಿಲ ಸಂದಿಯ ಗೋಣಿಚೀಲಗಳನ್ನು ಕಾಲಿನಿಂದ ಒದ್ದಳು. "ಹೊರಗ ಒಯ್ರಿ. ನಡಸ್ರಿ. ಕೂಡಗೊಡಬ್ಯಾಡ್ರಿ."

ಐದಾರು ಮಂದಿ ಹಿಡಿದೆಬ್ಬಿಸಿದರು. ರಾಜಪ್ಪ ಹಗ್ಗ ಹಿಡಿದು ಮಳೆಯಲ್ಲಿ ನಡೆಸಿದ. ಹೊರಗಿನ ಗಾಳಿ ಬಡಿದ ಕೂಡಲೇ ಶಬನಮ್ ಮೂಗು ಅಗಲಿಸಿ ಉದ್ದನೆಯ ಉಸಿರು ಎಳೆದುಕೊಂಡಳು. ಕುರಿಗಾರನ ತಟ್ಟುಗಳು ತಲೆ ಎತ್ತಿ ನೋಡಿದವು. ಅವಳು ಹಗ್ಗ ಜಗ್ಗಿ ಅತ್ತಲೇ ಹೊರಟಳು, ರಾಜಪ್ಪ ಬಿಟ್ಟುಕೊಟ್ಟ. ದಿನ್ನೆಯ ಮೇಲೆ ಅವುಗಳ ಬಾಜೂ ಹೋಗಿ, ಅವುಗಳ ಹಾಗೆಯೇ ಗಾಳಿಗೆ ಬೆನ್ನು ಕೊಟ್ಟು ನಿಂತಳು. ಸ್ವಲ್ಪ ಹೊತ್ತು ನಡುಗಲಿಲ್ಲ ಕೂಡ. ಬೀರಸಿದ್ದಪ್ಪ ಒಂದು ಹಿಡಿ ಸೊಪ್ಪೆ ಅವಳ ಬಾಯಿಯ ಹತ್ತಿರ ಹಿಡಿದ. ಮೂಸಿ ನೋಡಿದಳು. ಆಮೇಲೆ ಮುಂಗಾಲು ಮಡಿಚಿ, ಮದುಮಗ ಇಳಿಯಲೆಂದು ಬಾಗಿದಂತೆ ಬಾಗಿ, ಮತ್ತೆ ಏಳಲಿಲ್ಲ.

ಸುಮನ್ ಎದೆಗೆ ಕಿವಿ ಹಚ್ಚಿ, ಗಡಿಯಾರ ನೋಡಿ, ನಳಿಕೆ ಸುತ್ತಿಕೊಂಡಳು.

ಮೊದಲು ಮಾತಾಡಿದವನು ಈಶ್ವರ ಸಾವಕಾರ. "ರಾಜಪ್ಪ ಇದ್ದದ್ದಕ್ಕ ಮೂರ ದಿನಾ ತಡೀತು ನೋಡ್ರಿ. ಬ್ಯಾರೇದಾವ್ರ ಕೈಯಾಗ ಹುಕ್ಕೇರ್ಯಾಗನ ಹೋಗತಿತ್ತು." ಹೌದೆಂದರು ಎಲ್ಲರೂ. ಕೆಂಚವ್ವ ಶಾಲಿನ ಗಂಟು ಬಿಚ್ಚುತ್ತ, "ನನ್ನ ಕೈಯಾಗ ಒಂದೂ ಬಾಣಂತಿ ಹೋಗಿದ್ದಿಲ್ಲ," ಎಂದು ಗಳಗಳ ಅತ್ತಳು. ಮರುದಿನ ನದಿ ಇಳಿಯಿತು. ಮಠದಲ್ಲಿ ರಾಜಪ್ಪನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಅವನು ಮೈಕು ಹಿಡಿದು ಮತ್ತೊಮ್ಮೆ ಖರೆ ಹೇಳಿದ. ಇಂಥ ವಿನಯ ಈ ಕಾಲದಲ್ಲಿ ಎಲ್ಲಿದೆ ಎಂದು ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಕಮಿಟಿಯವರೆಲ್ಲ ತಾಜುದ್ದೀನನ ಮನೆಗೆ ಹೋದರು. ಅಲ್ಲಿಗೆ ಫೋನಿನಲ್ಲಿ ಸುದ್ದಿ ಮುಟ್ಟಿ ನಾಲ್ಕು ದಿನವಾಗಿತ್ತು. ಮೈನಾಬಿ ಒಳಗಿದ್ದಳು. ಈಶ್ವರ ಸಾವಕಾರ ಜೀನು, ಲಗಾಮು, ಗೆಜ್ಜೆ ಎಲ್ಲವನ್ನೂ ಮಂಚದ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು ರಾಜಪ್ಪ ಪಟ್ಟ ಪಾಡನ್ನು ಬಣ್ಣಿಸಿದ. ಬೆಚ್ಚಗಿಟ್ಟದ್ದು, ಹೊಗೆ ಹಾಕಿದ್ದು, ಕೈಯಾರೆ ಉಂಡಿ ತಿನ್ನಿಸಿದ್ದು. ತಾಜುದ್ದೀನ ಒಂದೊಂದನ್ನೂ ಕೇಳುತ್ತ ಗೆಜ್ಜೆಯ ಚರ್ಮವನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ.

"ಕಾಕಾ," ಎಂದ ರಾಜಪ್ಪ, "ನಾನ ಕೊಂದೆ."

"ಏ, ಏ!" ಎಂದು ಕಮಿಟಿಯೆಲ್ಲ ಒಮ್ಮೆಲೇ ಎದ್ದಿತು. "ಹಂಗ್ಯಾಕ ಅಂತೀ! ಮನಸಿಗೆ ಹಚ್ಚಿಕೊಂಡಾನ್ರಿ ಪಾಪ!"

ತಾಜುದ್ದೀನ ಕೈ ಎತ್ತಿದ. ಗಪ್ಪಾದರು.

"ಗೊತ್ತೈತಿ," ಎಂದ.

ನಾಲ್ಕು ದಿನದಿಂದ ನಲವತ್ತು ಜನರಲ್ಲಿ ಒಬ್ಬರೂ ನಂಬದ ಮಾತನ್ನು ಅವನು ಒಂದೇ ಸಲಕ್ಕೆ ನಂಬಿಬಿಟ್ಟ. ರಾಜಪ್ಪನಿಗೆ ಬೇಕಾಗಿದ್ದೂ ಅದೇ. ಸಿಕ್ಕ ಮೇಲೆ ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ತಪ್ಪ ಮಾಡಾಕತ್ತೇನಿ ಅಂತ ನಿನಗ ಯಾವಾಗ ಗೊತ್ತಾತು?" ಎಂದು ತಾಜುದ್ದೀನ ಕೇಳಿದ. ದನಿ ಏರಿರಲಿಲ್ಲ.

"ಎರಡನೇ ದಿನಾ. ಮಧ್ಯಾಹ್ನ."

"ಅಕಿ ಹೋದದ್ದು?"

"ಮೂರನೇ ದಿನಾ. ಚಂಜಿಮುಂದ."

ತಾಜುದ್ದೀನ ತನ್ನ ಪ್ಲಾಸ್ಟರ್ ಹಾಕಿದ ಕಾಲನ್ನು ನೋಡಿದ.

"ಒಂದು ದಿನಾ ಇತ್ತಲ್ಲೋ ರಾಜಪ್ಪಾ."

ಮೈನಾಬಿ ಎಲ್ಲರಿಗೂ ಚಹಾ ತಂದಿಟ್ಟಳು. ಬಂದವರನ್ನು ಹಾಗೇ ಕಳಿಸುವ ಮನೆ ಅದಲ್ಲ. ರಾಜಪ್ಪನ ಕಪ್ಪನ್ನೂ ಬೇರೆಯವರದ್ದರಷ್ಟೇ ತುಂಬಿದ್ದಳು. ಎಲ್ಲರೂ ಕುಡಿದು, ಸಮಾಧಾನ ಹೇಳಿ, ಹೊರಗೆ ಬಂದು ಚಪ್ಪಲಿ ಮೆಟ್ಟಿದರು.

ಓಣಿಯ ತಿರುವಿನಲ್ಲಿ ಈಶ್ವರ ಸಾವಕಾರ ರಾಜಪ್ಪನ ಹೆಗಲ ಮೇಲೆ ಕೈ ಹಾಕಿದ.

"ದುಃಖದಾಗ ಏನೋ ಅಂದಾನ, ಬಿಡು. ಬರೂ ವರ್ಷ ಕುದುರಿ ಬ್ಯಾರೆ ಕಡಿಂದ ತರೂಣು. ನೋಡಕೊಳ್ಳಾಕ ಹೆಂಗಿದ್ರೂ ನೀ ಅದೀಯಲ್ಲ."